ಸ್ಫಟಿಕವೆಂಬ ಗಾಜು

ಗಾಜನ್ನು ರತ್ನಕ್ಕೆ ಎದುರಿಟ್ಟು ಹೀಗಳೆಯುವುದು ನಮ್ಮ ನೀತಿಕಾರರ ಹಳೆಯ ರೂಢಿ. ತೋರಿಕೆಗೆ ಎರಡೂ ಹೊಳೆಯುವುವಾದರೂ ಒಂದು ಬೆಲೆಯುಳ್ಳದ್ದು, ಇನ್ನೊಂದು ಬೆಲೆಯಿಲ್ಲದ್ದು ಎಂಬುದೇ ಆ ಉಪಮಾನದ ತಿರುಳು. ಆದರೆ ಈಗಿನ ದೊಡ್ಡ ಪಟ್ಟಣಗಳ ಅಂಗಡಿಬೀದಿಯಲ್ಲಿ ನಿಂತು ನೋಡಿದರೆ ಆ ಉಪಮಾನವು ತಲೆಕೆಳಗಾದಂತೆ ಕಾಣುವುದು. ಅಲ್ಲಿ ಗಾಜೇ ‘ಕ್ರಿಸ್ಟಲ್’ ಎಂಬ ಹೆಸರನ್ನು ಧರಿಸಿ, ಬೆಳ್ಳಿಯ ಪಾತ್ರೆಗೆ ಸರಿಗಟ್ಟುವ ಬೆಲೆಯ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಕುಳಿತಿರುವುದು. ಮದುವೆಯ ಸೀರೆಯ ಸೆರಗಿನಲ್ಲಿ ಮಿನುಗುವ ಹರಳು, ಕಿವಿಯ ಓಲೆ, ಕೈಚೀಲದ ಕೊಂಡಿ, ಮೇಜಿನ ಮೇಲಣ ಹೂದಾನಿ, ನಡುಮನೆಯ ಸೂರಿನಿಂದ ಇಳಿಬಿಟ್ಟ ದೀಪದ ಗೊಂಚಲು—ಎಲ್ಲಕ್ಕೂ ಅದೇ ಹೆಸರು. ಹೊಸ ಮನೆಯ ಪ್ರವೇಶಕ್ಕೂ ಮಗಳ ಮದುವೆಗೂ ಇಂತಹ ವಸ್ತುವೊಂದು ಉಡುಗೊರೆಯಾಗಿ ಬರದಿರುವುದು ಈಗ ಅಪರೂಪ. ಮನೆಯೊಳಕ್ಕೆ ಬಂದ ಈ ಅತಿಥಿಯ ಕುಲಗೋತ್ರವೇನು, ಅದರ ಗುಣವೇನು, ದೋಷವೇನು, ಅದನ್ನು ಎಲ್ಲಿ ಕೂರಿಸಬೇಕು, ಎಲ್ಲಿ ಕೂರಿಸಬಾರದು ಎಂಬುದನ್ನು ವಾಚಕರಲ್ಲಿ, ಮುಖ್ಯವಾಗಿ ಮನೆಯೊಡತಿಯರಾದ ಸಹೋದರಿಯರಲ್ಲಿ, ನಿವೇದಿಸುವುದೇ ಈ ಲೇಖನದ ಉದ್ದೇಶ.

ಹೆಸರೊಂದು, ವಸ್ತುಗಳೆರಡು

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ಶಾಸ್ತ್ರಗಳಲ್ಲಿಯೂ ಕಾವ್ಯಗಳಲ್ಲಿಯೂ ಬರುವ ಸ್ಫಟಿಕವು ಭೂಗರ್ಭದಲ್ಲಿ ತಾನಾಗಿ ಬೆಳೆದ ಕಲ್ಲು. ಮರಳಿನಲ್ಲಿರುವ ಸಿಲಿಕವೆಂಬ ದ್ರವ್ಯವೇ ನೆಲದೊಳಗಿನ ಬಿಸಿನೀರಿನಲ್ಲಿ ಕರಗಿ, ಕಣದ ಮೇಲೆ ಕಣ ಕ್ರಮವಾಗಿ ಕೂಡಿಕೊಂಡು, ಆರು ಮುಖಗಳ ಕಂಬದಂತೆ ನಿಧಾನವಾಗಿ ಬೆಳೆದು ಸ್ಫಟಿಕವಾಗುವುದು. ಜಪಮಾಲೆಯ ಮಣಿಯೂ ಪೂಜೆಯ ಲಿಂಗವೂ ಆಗುವುದು ಈ ಕಲ್ಲೇ. ಶೃಂಗೇರಿಯ ಪೀಠದಲ್ಲಿ ಅರ್ಚಿಸಲ್ಪಡುವ ಚಂದ್ರಮೌಳೀಶ್ವರ ಲಿಂಗವು ಸ್ಫಟಿಕದ್ದೆಂಬುದು ಪ್ರಸಿದ್ಧವಾದ ಸಂಗತಿ. ಪುರಾತನ ಗ್ರೀಕರು ಈ ಕಲ್ಲನ್ನು ಮಂಜುಗಡ್ಡೆ ಎಂಬರ್ಥದ ಶಬ್ದದಿಂದಲೇ ಕರೆದರು; ಇಂಗ್ಲಿಷಿನ ಕ್ರಿಸ್ಟಲ್ ಎಂಬುದು ಆ ಶಬ್ದದ ಸಂತಾನ. ರೋಮಿನ ಪ್ಲಿನಿ ಎಂಬ ಪಂಡಿತನಂತೂ ಅತಿಶೀತದಿಂದ ಮತ್ತೆ ಕರಗದಂತೆ ಗಟ್ಟಿಯಾದ ನೀರೇ ಸ್ಫಟಿಕವೆಂದು ನಂಬಿದ್ದನು.

ಗಾಜಿನ ಹುಟ್ಟು ಬೇರೆ. ಮರಳು, ಕ್ಷಾರ, ಸುಣ್ಣ ಇವುಗಳನ್ನು ಕುಲುಮೆಯಲ್ಲಿ ಕರಗಿಸಿ ತಣಿಸಿದರೆ ಗಾಜು. ಕರಗಿದ ಕಣಗಳಿಗೆ ಸಾಲಾಗಿ ನಿಲ್ಲುವಷ್ಟು ಅವಕಾಶ ದೊರೆಯದೆ, ಸಂತೆಯಲ್ಲಿ ನೆರೆದ ಜನರಂತೆ ಎಲ್ಲಿದ್ದಲ್ಲಿಯೇ ಹೆಪ್ಪುಗಟ್ಟಿಬಿಡುವುವು. ಸ್ಫಟಿಕದಲ್ಲಿ ಕಣಗಳ ಶಿಸ್ತು ಉಂಟು, ಗಾಜಿನಲ್ಲಿ ಇಲ್ಲ. ಆದುದರಿಂದ ಪದಾರ್ಥವಿಜ್ಞಾನದ ದೃಷ್ಟಿಯಲ್ಲಿ ಅಂಗಡಿಯ ‘ಕ್ರಿಸ್ಟಲ್’ ಸ್ಫಟಿಕವಲ್ಲ. ಕಲ್ಲಿನಂತೆ ನಿರ್ಮಲವಾಗಬೇಕೆಂದು ಗಾಜುಗಾರನು ಪಟ್ಟ ಶ್ರಮಕ್ಕೆ ಲೋಕವು ಕೊಟ್ಟ ಬಿರುದು ಅದು. ಬಿರುದು ಹೇಗೆ ಬಂದಿತೆಂಬುದು ಕೇಳತಕ್ಕ ಕಥೆ.

ವೆನಿಸಿನಿಂದ ಲಂಡನ್ನಿನವರೆಗೆ

ಇಟಲಿಯ ವೆನಿಸ್ ನಗರವು ಗಾಜಿನ ಕೆಲಸಕ್ಕೆ ಹೆಸರಾಗಿತ್ತು. ಕುಲುಮೆಗಳ ಬೆಂಕಿಯಿಂದ ಊರಿಗೆ ಅಪಾಯವುಂಟಾದೀತೆಂದು ೧೨೯೧ನೆಯ ಇಸವಿಯಲ್ಲಿ ಅಲ್ಲಿಯ ಪ್ರಭುತ್ವವು ಅವುಗಳನ್ನು ಸಮೀಪದ ಮುರಾನೊ ದ್ವೀಪಕ್ಕೆ ಸಾಗಿಸಿತು. ಅಂದಿನ ಗಾಜು ಮರಳಿನೊಳಗಣ ಕಬ್ಬಿಣದ ಅಂಶದಿಂದ ಹಸುರಾಗಿಯೋ ಮಾಸಲಾಗಿಯೋ ಇರುತ್ತಿತ್ತು. ಹದಿನೈದನೆಯ ಶತಮಾನದ ನಡುಗಾಲದಲ್ಲಿ ಆಂಜೆಲೊ ಬರೋವಿಯೆರ್ ಎಂಬ ಮುರಾನೊದ ಕುಶಲಿಯು ಗಿಡಗಳ ಬೂದಿಯ ಕ್ಷಾರವನ್ನು ಶೋಧಿಸಿ, ಮ್ಯಾಂಗನೀಸನ್ನು ಹಿತಮಿತವಾಗಿ ಬೆರೆಸಿ, ಬಣ್ಣವಿಲ್ಲದ ತಿಳಿಗಾಜನ್ನು ಸಾಧಿಸಿದನೆಂದು ಹೇಳುವರು. ಅದಕ್ಕೆ ‘ಕ್ರಿಸ್ತಲ್ಲೊ’ ಎಂಬ ಹೆಸರಾಯಿತು. ಗಾಜಿಗೆ ಸ್ಫಟಿಕದ ಬಿರುದು ಸಂದ ಪ್ರಸಿದ್ಧ ಪ್ರಸಂಗವಿದು.

ಆದರೆ ವೆನಿಸಿನ ಗಾಜು ಬಲು ತೆಳು. ಊದಿ ಹಿಗ್ಗಿಸುವುದಕ್ಕೆ ಒಗ್ಗುತ್ತಿತ್ತೇ ಹೊರತು ಕಡೆದು ಕೆತ್ತುವುದಕ್ಕೆ ಒಗ್ಗುತ್ತಿರಲಿಲ್ಲ. ಕಾಡುಗಳಿಂದ ತುಂಬಿದ ಬೊಹೀಮಿಯಾ ದೇಶದವರು ಮರದ ಬೂದಿಯ ಕ್ಷಾರವನ್ನು ಬಳಸಿ ದಪ್ಪನೆಯ ಗಟ್ಟಿ ಗಾಜನ್ನು ಮಾಡಿದರು. ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನದಲ್ಲಿದ್ದ ಕಾಸ್ಪರ್ ಲೆಹ್ಮನ್ ಎಂಬ ರತ್ನಶಿಲ್ಪಿಯು, ಕಲ್ಲನ್ನು ಕೊರೆಯುವ ಚಿಕ್ಕ ಗಾಲಿಗಳಿಂದಲೇ ಗಾಜನ್ನು ಕೊರೆದು ಚಿತ್ರಗಳನ್ನು ಮೂಡಿಸಿದನು. ರತ್ನದ ಸಾಣೆಗೆ ಗಾಜು ಏರಿದುದು ಹೀಗೆ.

ಮೂರನೆಯ ಹೆಜ್ಜೆ ಇಂಗ್ಲೆಂಡಿನದು. ೧೬೭೪ರಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ಲಂಡನ್ನಿನ ವರ್ತಕನು ಹೊಸ ಬಗೆಯ ತಿಳಿಗಾಜಿಗೆ ಸರಕಾರದ ಹಕ್ಕುಪತ್ರವನ್ನು ಪಡೆದನು. ಆತನ ಮೊದಲ ಪಾತ್ರೆಗಳು ಕೆಲವು ತಿಂಗಳಲ್ಲಿಯೇ ಮೈಯೆಲ್ಲ ಸಣ್ಣ ಬಿರುಕು ಬಿಟ್ಟು ಮಂಕಾದುವು. ಪಾಕದಲ್ಲಿ ಸೀಸದ ಭಸ್ಮವನ್ನು ಸರಿಯಾದ ಪ್ರಮಾಣದಲ್ಲಿ ಕೂಡಿಸಿದ ಮೇಲೆ ಆ ರೋಗವು ವಾಸಿಯಾಯಿತು. ಅಂದಿನಿಂದ ಸೀಸವೇ ಕ್ರಿಸ್ಟಲ್ ಗಾಜಿನ ಜೀವಾಳವಾಯಿತು. ಫ್ರಾನ್ಸಿನ ಬಕಾರಾ, ಐರ್ಲೆಂಡಿನ ವಾಟರ್‌ಫರ್ಡ್ ಮೊದಲಾದ ಹೆಸರಾಂತ ಕಾರ್ಖಾನೆಗಳೆಲ್ಲ ಮುಂದೆ ಹಿಡಿದುದು ಈ ದಾರಿಯನ್ನೇ.

ಸೀಸದ ಗುಣ

ಭಾರವಾದ, ಮಂಕುಬಣ್ಣದ ಸೀಸವು ಗಾಜಿಗೆ ಬೆಳಕನ್ನು ಹೇಗೆ ತಂದಿತೆಂದು ವಾಚಕರಿಗೆ ಆಶ್ಚರ್ಯವಾಗಬಹುದು. ಬೆಳಕಿನ ಕಿರಣವು ಗಾಳಿಯಿಂದ ಗಾಜಿನೊಳಕ್ಕೆ ಹೊಗುವಾಗ ತನ್ನ ದಾರಿಯಿಂದ ಬಾಗುವುದು. ಸೀಸವು ಬೆರೆತ ಗಾಜಿನಲ್ಲಿ ಅದು ಇನ್ನಷ್ಟು ಬಾಗುವುದು. ಬಿಳಿಯ ಬೆಳಕಿನಲ್ಲಿ ಅಡಗಿರುವ ಬಣ್ಣಗಳು ಇನ್ನಷ್ಟು ಅಗಲವಾಗಿ ಒಂದರಿಂದೊಂದು ಬೇರ್ಪಡುವುವು. ಗಾಜಿನ ಮೈಯನ್ನು ಹಲವು ಮುಖಗಳಾಗಿ ಕಡೆದರೆ ಒಂದು ಮುಖದಿಂದ ಹೊಕ್ಕ ಕಿರಣವು ಮತ್ತೊಂದಕ್ಕೆ ತಾಗಿ, ಹಿಂದಿರುಗಿ, ಕಾಮನಬಿಲ್ಲಿನ ತುಣುಕುಗಳಾಗಿ ಹೊರಬೀಳುವುದು. ಸಂಜೆಯ ದೀಪದಲ್ಲಿ ಗೊಂಚಲಿನ ಹರಳು ಒಮ್ಮೆ ಕೆಂಪು, ಒಮ್ಮೆ ನೀಲಿಯಾಗಿ ಮಿನುಗುವುದರ ಗುಟ್ಟು ಇಷ್ಟೇ. ಬೆಳಕು ಹರಳಿನದಲ್ಲ; ಹರಳು ಅದನ್ನು ಸಾಲ ತಂದು ಬಡ್ಡಿಯೊಡನೆ ತೀರಿಸುತ್ತದೆ.

ಇನ್ನೂ ಎರಡು ಗುಣಗಳುಂಟು. ಸೀಸದ ಗಾಜು ಸಾಣೆಗೆ ಮೃದು; ಆದುದರಿಂದ ಆಳವಾದ, ಹರಿತವಾದ ಗೆರೆಗಳನ್ನು ಕಡೆಯಬಹುದು. ಅಲ್ಲದೆ, ಅದರ ಲೋಟದ ಅಂಚನ್ನು ಬೆರಳುಗುರಿನಿಂದ ಮೆಲ್ಲಗೆ ತಟ್ಟಿದರೆ ಚಿಕ್ಕ ಗಂಟೆಯಂತೆ ನಾದವು ಬಹಳ ಹೊತ್ತು ನಿಲ್ಲುವುದು. ಯುರೋಪಿನ ಒಕ್ಕೂಟವು ೧೯೬೯ರಲ್ಲಿ ಮಾಡಿದ ನಿಯಮದಂತೆ, ನೂರಕ್ಕೆ ೨೪ ಪಾಲಾದರೂ ಸೀಸದ ಭಸ್ಮವಿದ್ದರೆ ಅದು ಸೀಸದ ಕ್ರಿಸ್ಟಲ್. ೩೦ ಪಾಲಿದ್ದರೆ ಪೂರ್ಣ ಸೀಸದ ಕ್ರಿಸ್ಟಲ್.

ಈ ಬೆಡಗಿನ ಹಿಂದೆ ಕೈಕೆಲಸವೆಷ್ಟೆಂಬುದನ್ನೂ ನೆನೆಯಬೇಕು. ಒಬ್ಬನು ಕಬ್ಬಿಣದ ಕೊಳವೆಯ ತುದಿಯಲ್ಲಿ ಕೆಂಪಾದ ಪಾಕವನ್ನೆತ್ತಿ ಉಸಿರು ಕಟ್ಟಿ ಊದುತ್ತಾನೆ. ಹದಿನಾರಾಣೆ ಪಾಲು ಸರಿಯಾಗಿ ಊದಿದ ಪಾತ್ರೆಯೂ ಬೇಗನೆ ತಣಿದರೆ ಸೀಳುವುದಾದುದರಿಂದ, ಅದನ್ನು ಬಿಸಿಗೂಡಿನಲ್ಲಿಟ್ಟು ಗಂಟೆಗಟ್ಟಲೆ ಆರಿಸಬೇಕು. ಬಳಿಕ ಇನ್ನೊಬ್ಬನು ತಿರುಗುವ ಗಾಲಿಗೆ ಪಾತ್ರೆಯನ್ನೊತ್ತಿ ಹಿಡಿದು, ಒರಟು ಸಾಣೆಯಿಂದ ಗೆರೆ ತೆಗೆದು, ನುಣ್ಣನೆಯ ಕಲ್ಲಿನಿಂದ ತೀಡಿ, ಮರದ ಗಾಲಿಯಿಂದ ಮೆರುಗನ್ನು ಕೊಡುವನು. ಕೈ ಒಂದು ಕೂದಲೆಳೆಯಷ್ಟು ಜಾರಿದರೂ ಅಷ್ಟು ಹೊತ್ತಿನ ಶ್ರಮವು ಚೂರಿನ ಬುಟ್ಟಿಗೆ. ಕೈಯಿಂದ ಗಾಜು ಮಾಡುವ ಈ ವಿದ್ಯೆಯನ್ನು ವಿಶ್ವಸಂಸ್ಥೆಯ ಯುನೆಸ್ಕೊ ೨೦೨೩ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿ ಗೌರವಿಸಿರುವುದು ಉಚಿತವಾಗಿಯೇ ಇದೆ.

ಅರಮನೆಗಳ ಬೆಳಕು

ಕ್ರಿಸ್ಟಲ್ ಗಾಜು ನಮ್ಮ ದೇಶಕ್ಕೆ ಬಂದುದು ಅರಮನೆಗಳ ಬಾಗಿಲಿನಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಸ್ಲರ್ ಎಂಬ ಮನೆತನದ ಕಾರ್ಖಾನೆಯೊಂದಿತ್ತು. ೧೮೫೧ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾಪ್ರದರ್ಶನವು ನಡೆದಾಗ, ಅದರ ನಟ್ಟನಡುವೆ ಈ ಕಾರ್ಖಾನೆಯವರು ಸುಮಾರು ೨೭ ಅಡಿ ಎತ್ತರದ, ನಾಲ್ಕು ಟನ್ನು ತೂಕದ ಗಾಜಿನ ಕಾರಂಜಿಯನ್ನು ನಿಲ್ಲಿಸಿ ಲೋಕವನ್ನು ಬೆರಗುಗೊಳಿಸಿದರು. ಆ ಪ್ರದರ್ಶನಕ್ಕಾಗಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಮಂದಿರಕ್ಕೂ ಜನರು ‘ಕ್ರಿಸ್ಟಲ್ ಪ್ಯಾಲೆಸ್’ ಎಂದೇ ಹೆಸರಿಟ್ಟರು. ಅದರ ಗೋಡೆಗೆ ಹಾಕಿದ್ದುದು ಕಿಟಕಿಗೆ ಹಾಕುವಂತಹ ಸಾಮಾನ್ಯ ಗಾಜೇ. ಮುಂದೆ ಸಿಡನ್‌ಹ್ಯಾಮಿಗೆ ಸಾಗಿಸಿ ಕಟ್ಟಿದ ಆ ಮಂದಿರವು ೧೯೩೬ರಲ್ಲಿ ಬೆಂಕಿಗೆ ಆಹುತಿಯಾಯಿತು.

ಆಸ್ಲರ್ ಕಾರ್ಖಾನೆಯವರು ಕಲ್ಕತ್ತೆಯಲ್ಲಿಯೂ ಮಳಿಗೆಯನ್ನು ತೆರೆದು, ನಮ್ಮ ರಾಜಮಹಾರಾಜರಿಗೆ ದೀಪದ ಗೊಂಚಲುಗಳನ್ನೂ ಗಾಜಿನ ಪೀಠೋಪಕರಣಗಳನ್ನೂ ಒದಗಿಸಿದರು. ಗ್ವಾಲಿಯರಿನ ಜಯವಿಲಾಸ ಅರಮನೆಯ ದರ್ಬಾರಿನಲ್ಲಿ ತೂಗುವ ಎರಡು ಗೊಂಚಲುಗಳು ಒಂದೊಂದೂ ಮೂರೂವರೆ ಟನ್ನು ತೂಕವುಳ್ಳವೆಂದು ಹೇಳುವರು. ಅವನ್ನು ಸೂರು ತಡೆಯುವುದೋ ಇಲ್ಲವೋ ಎಂದು ನೋಡುವುದಕ್ಕಾಗಿ ಆನೆಗಳನ್ನು ಮಾಳಿಗೆಗೆ ಹತ್ತಿಸಿ ನಡೆಸಿದರೆಂಬುದು ಪ್ರತೀತಿ. ನಮ್ಮ ಮೈಸೂರಿನ ಅರಮನೆಯಲ್ಲಿಯೂ ದಸರೆಯ ಯಾತ್ರಿಕರು ತಲೆಯೆತ್ತಿ ನೋಡುವ ಗೊಂಚಲುಗಳಿಗೆ ಕೊರತೆಯಿಲ್ಲ.

ಆದರೆ ಮನಸ್ಸನ್ನು ಹೆಚ್ಚಾಗಿ ಕಲಕುವುದು ಉದಯಪುರದ ವೃತ್ತಾಂತ. ಅಲ್ಲಿಯ ತರುಣ ಮಹಾರಾಣಾ ಸಜ್ಜನಸಿಂಹನು ೧೮೭೭ರಲ್ಲಿ ಆಸ್ಲರ್ ಕಾರ್ಖಾನೆಗೆ ಗಾಜಿನ ಕುರ್ಚಿ, ಮೇಜು, ಮಂಚ, ಅತ್ತರಿನ ಕುಪ್ಪಿ ಮೊದಲಾದುವನ್ನು ಮಾಡಿಕೊಡಬೇಕೆಂದು ಬರೆಯಿಸಿದನು. ೧೮೮೪ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಆತನು ತೀರಿಕೊಂಡನು. ಬಯಸಿ ತರಿಸಿದವನ ಕಣ್ಣಿಗೆ ಆ ವಸ್ತುಗಳು ಬೀಳಲೇ ಇಲ್ಲ. ಸಮುದ್ರವನ್ನು ದಾಟಿ ಬಂದ ಪೆಟ್ಟಿಗೆಗಳು ನೂರು ವರ್ಷಕ್ಕೂ ಮಿಕ್ಕಿ ಮುಚ್ಚಿದ್ದಂತೆಯೇ ಉಳಿದು, ೧೯೯೪ರಲ್ಲಿ ಫತೇಪ್ರಕಾಶ ಅರಮನೆಯ ಮೊಗಸಾಲೆಯಲ್ಲಿ ಜನರ ದರ್ಶನಕ್ಕೆ ತೆರೆಯಲ್ಪಟ್ಟುವು. ಕತ್ತಲೆಯ ಪೆಟ್ಟಿಗೆಯಲ್ಲಿದ್ದಷ್ಟು ಕಾಲವೂ ಆ ಗಾಜಿನ ಮಂಚಕ್ಕೂ ಹುಲ್ಲಿನ ಚಾಪೆಗೂ ಭೇದವೇನಿದ್ದೀತು? ಬೆಳಕೂ ನೋಡುವ ಕಣ್ಣೂ ಇಲ್ಲದಲ್ಲಿ ಸ್ಫಟಿಕದ ಬಿರುದು ನಿಲ್ಲುವುದಿಲ್ಲ.

ಉಡುಗೆ ತೊಡುಗೆಯ ಹರಳು

ಅರಮನೆಯ ಸೂರಿನಿಂದ ಈ ಹೊಳಪು ಸಾಮಾನ್ಯರ ಮೈಮೇಲಕ್ಕೆ ಇಳಿದುದು ಬೇರೆ ದಾರಿಯಿಂದ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ಗಿಯೋರ್ಗ್ ಫ್ರೀಡ್ರಿಶ್ ಸ್ಟ್ರಾಸ್ ಎಂಬ ಆಭರಣಕಾರನು ಸೀಸದ ಗಾಜನ್ನು ವಜ್ರದಂತೆ ಕಡೆದು ಒಡವೆಗಳಲ್ಲಿ ಕೂರಿಸಿದನು. ವಜ್ರದ ಹೆಸರನ್ನು ಕದಿಯದೆ ಸ್ವಂತ ಸೊಬಗಿನಿಂದಲೇ ಅವು ಮಾನ್ಯವಾದುವು. ಇಂದಿಗೂ ಯುರೋಪಿನ ಹಲವು ಭಾಷೆಗಳಲ್ಲಿ ಇಂತಹ ಹರಳಿಗೆ ಆತನ ಹೆಸರೇ ಉಂಟು.

ಆದರೂ ಒಂದೊಂದು ಹರಳನ್ನೂ ಕೈಯಿಂದ ಕಡೆಯಬೇಕಾಗಿದ್ದುದರಿಂದ ಬೆಲೆ ಇಳಿಯಲಿಲ್ಲ. ೧೮೬೨ರಲ್ಲಿ ಬೊಹೀಮಿಯಾದ ಗಾಜು ಕಡೆಯುವವರ ಮನೆತನದಲ್ಲಿ ಹುಟ್ಟಿದ ಡೇನಿಯಲ್ ಸ್ವರೋವ್‌ಸ್ಕಿ ಎಂಬಾತನು ವಿಯೆನ್ನಾ ನಗರದ ವಿದ್ಯುತ್ ಪ್ರದರ್ಶನವನ್ನು ಕಂಡು, ಆ ಶಕ್ತಿಯನ್ನು ತನ್ನ ಕಸುಬಿಗೆ ಹೂಡಬೇಕೆಂದು ಸಂಕಲ್ಪಿಸಿದನು. ೧೮೯೨ರಲ್ಲಿ ಹರಳುಗಳನ್ನು ಕಡೆಯುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದು, ೧೮೯೫ರಲ್ಲಿ ಆಸ್ಟ್ರಿಯಾದ ಟಿರೋಲ್ ಸೀಮೆಯ ವಾಟೆನ್ಸ್ ಎಂಬ ಹಳ್ಳಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಬೆಟ್ಟದ ತೊರೆಯ ನೀರಿನಿಂದ ಯಂತ್ರಕ್ಕೆ ಶಕ್ತಿ. ಪ್ರತಿಸ್ಪರ್ಧಿಗಳ ಕಣ್ಣಿಗೆ ದೂರ. ೧೯೫೬ರಲ್ಲಿ ಈ ಕಾರ್ಖಾನೆಯವರು ಉಡುಪುಗಳ ವಿನ್ಯಾಸಕ್ಕೆ ಹೆಸರಾದ ಕ್ರಿಸ್ತಿಯಾನ್ ಡಿಯೊರ್‌ನೊಡನೆ ಕೂಡಿ, ಮೈಮೇಲೆ ಲೋಹದ ಅತಿತೆಳುವಾದ ಪದರವನ್ನೇರಿಸಿ ಕಾಮನಬಿಲ್ಲಿನಂತೆ ಹೊಳೆಯುವ ಹರಳನ್ನು ಬಳಕೆಗೆ ತಂದರು. ಇಂದು ನಮ್ಮ ಸೀರೆಯಂಗಡಿಗಳಲ್ಲಿ ಕಾಣುವ ಬಗೆಬಗೆಯ ಬಣ್ಣದ ಹರಳುಗಳು ಆ ವಂಶದವೇ, ಇಲ್ಲವೆ ಅವುಗಳ ಅನುಕರಣಗಳೇ.

ಬೊಹೀಮಿಯಾದ ಗಾಜುಗಾರರಿಗೆ ಕಾಲವು ಹೀಗೆ ಒಲಿಯಲಿಲ್ಲ. ಅಲ್ಲಿಯ ಗಾಬ್ಲೊನ್ಸ್ ಪಟ್ಟಣದ ಮಣಿಗಳೂ ಬಳೆಗಳೂ ಒಂದು ಕಾಲದಲ್ಲಿ ಹಡಗೇರಿ ನಮ್ಮ ದೇಶದ ಸಂತೆಗಳಿಗೆ ಬರುತ್ತಿದ್ದುವು. ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದ ಮೇಲೆ ಆ ಸೀಮೆಯ ಜರ್ಮನ್ ಭಾಷೆಯ ಜನರು ಹೊರದೂಡಲ್ಪಟ್ಟರು. ಅವರಲ್ಲಿ ಅನೇಕರು ಬವೇರಿಯಾದ ಕೌಫ್‌ಬಾಯರೆನ್ ಎಂಬಲ್ಲಿ ನೆಲಸಿ, ‘ಹೊಸ ಗಾಬ್ಲೊನ್ಸ್’ ಎಂದು ಊರಿಗೆ ಹೆಸರಿಟ್ಟು, ಹಳೆಯ ಕಸುಬನ್ನೇ ಮತ್ತೆ ಹಿಡಿದರು. ಮನೆ ಹೋಯಿತು, ನೆಲ ಹೋಯಿತು. ಕೈಯೊಳಗಿನ ವಿದ್ಯೆ ಮಾತ್ರ ಹೋಗಲಿಲ್ಲ.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಈಗ ಚಿತ್ರದುರ್ಗ ಜಿಲ್ಲೆಗೆ ಸೇರಿದ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕಾಯಿಸುತ್ತಿದ್ದುದನ್ನು, ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ವಿವರಿಸಿದ್ದಾನೆ. ಸ್ಫಟಿಕದ ಬಿರುದು ಅದಕ್ಕೆ ಸಲ್ಲಲಿಲ್ಲ. ಆದರೆ ಮುತ್ತೈದೆಯ ಕೈಗೆ ಶೋಭೆಯಾದ ಗೌರವವು ಯಾವ ಬಿರುದಿಗೆ ಕಡಿಮೆ?

ಸೀಸದ ದೋಷ

ಇಲ್ಲಿಯವರೆಗೆ ಗುಣವನ್ನು ಹೇಳಿದೆವು. ಇನ್ನು ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಗಾಜಿಗೆ ಬೆಳಕನ್ನು ಕೊಟ್ಟ ಸೀಸವೇ ದೇಹಕ್ಕೆ ವಿಷ. ಅದು ಮೂಳೆಗಳಲ್ಲಿ ಸಂಗ್ರಹವಾಗಿ ನಿಲ್ಲುವುದು. ನರಮಂಡಲವನ್ನೂ ಮೂತ್ರಪಿಂಡಗಳನ್ನೂ ಕೆಡಿಸುವುದು. ಬೆಳೆಯುವ ಮಕ್ಕಳ ಬುದ್ಧಿಶಕ್ತಿಯನ್ನು ಕುಂದಿಸುವುದು. ಬಸುರಿಯರಿಂದ ಗರ್ಭದ ಶಿಶುವಿಗೂ ಸಾಗುವುದು. ಇಷ್ಟು ಸೀಸದಿಂದ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿರುವರು.

ಗಾಜಿನೊಳಗೆ ಬೆರೆತ ಸೀಸವು ನೋಡಿದರೆ, ಮುಟ್ಟಿದರೆ ತಗಲುವುದಿಲ್ಲ. ಅಪಾಯವಿರುವುದು ಆ ಪಾತ್ರೆಯಲ್ಲಿ ಆಹಾರಪಾನೀಯಗಳನ್ನು ಬಹುಕಾಲ ಇಟ್ಟಾಗ, ಅದರಲ್ಲಿಯೂ ಹುಳಿಯಾದ ಪದಾರ್ಥಗಳನ್ನು ಇಟ್ಟಾಗ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಈ ವಿಷಯವನ್ನು ಪರೀಕ್ಷಿಸಿ ೧೯೯೧ರಲ್ಲಿ ಪ್ರಕಟಿಸಿದರು. ಸೀಸದ ಕ್ರಿಸ್ಟಲಿನ ಹೂಜಿಗಳಲ್ಲಿ ದ್ರಾಕ್ಷಾಮದ್ಯವನ್ನು ನಾಲ್ಕು ತಿಂಗಳು ಇಟ್ಟಾಗ, ಮೊದಲು ಲೀಟರಿಗೆ ೮೯ ಮೈಕ್ರೊಗ್ರಾಂ ಇದ್ದ ಸೀಸವು ಎರಡು ಸಾವಿರವನ್ನು ಮೀರಿ ಏರಿತು. ನಮ್ಮ ಮನೆಗಳಲ್ಲಿ ಮದ್ಯದ ಹೂಜಿ ಇಲ್ಲದಿರಬಹುದು. ಆದರೆ ನಿಂಬೆಯ ಪಾನಕವೂ ಉಪ್ಪಿನಕಾಯಿಯೂ ಹುಣಿಸೆಯ ಗೊಜ್ಜೂ ಹಣ್ಣಿನ ರಸವೂ ಉಂಟಷ್ಟೆ. ಉಡುಗೊರೆಯಾಗಿ ಬಂದ ಅಂದವಾದ ಭರಣಿಯಲ್ಲಿ ಉಪ್ಪಿನಕಾಯಿಯನ್ನು ತುಂಬಿಡಬೇಕೆಂಬ ಆಸೆ ಯಾರಿಗೆ ಹುಟ್ಟದು? ಆ ಆಸೆಯನ್ನು ಬಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಉಪ್ಪಿನಕಾಯಿಗೆ ಪಿಂಗಾಣಿಯ ಹಳೆಯ ಜಾಡಿಯೇ ಲೇಸು. ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಸೀಸದ ಕ್ರಿಸ್ಟಲಿನ ಲೋಟದಲ್ಲಿ ಏನನ್ನೂ ಕುಡಿಯಲು ಕೊಡದಿರುವುದೇ ಕ್ಷೇಮ.

ಪಾತ್ರೆಯನ್ನು ಬಳಸುವವರಿಗಿಂತ ಮಾಡುವವರಿಗೆ ಈ ವಿಷವು ಹತ್ತಿರದ್ದು. ಪಾಕವನ್ನು ಬೆರೆಸುವಾಗ ಏಳುವ ಧೂಳು, ಕುಲುಮೆಯ ಹೊಗೆ, ಸಾಣೆಯ ಪುಡಿ ಇವು ಗಾಜುಗಾರರ ಆಯುಸ್ಸನ್ನು ತಲೆಮಾರುಗಳ ಕಾಲ ತಿಂದಿವೆ. ಈಗ ಸೀಸಕ್ಕೆ ಬದಲಾಗಿ ಬೇರಿಯಂ, ಸತು ಮೊದಲಾದುವುಗಳ ಭಸ್ಮವನ್ನು ಬಳಸಿ ಹೊಳಪನ್ನು ತರುವ ಮಾರ್ಗವು ಸಿದ್ಧಿಸಿದೆ. ಸ್ವರೋವ್‌ಸ್ಕಿ ಕಾರ್ಖಾನೆಯವರು ೨೦೧೨ರಲ್ಲಿ ಸೀಸವನ್ನು ಕೂಡಿಸದ ಹರಳುಗಳನ್ನು ಹೊರತಂದರು. ಕೊಳ್ಳುವವರು ‘ಸೀಸವಿಲ್ಲದ್ದು’ ಎಂಬುದನ್ನು ಕೇಳಿ ಕೊಂಡರೆ ಲಾಭವಾಗುವುದು ಕೊಂಡವರಿಗೆ ಮಾತ್ರವಲ್ಲ.

ನಮ್ಮ ದೇಶದಲ್ಲಿ ಗಾಜಿನ ಕಸುಬಿನ ಮುಖ್ಯಕ್ಷೇತ್ರವು ಉತ್ತರ ಪ್ರದೇಶದ ಫಿರೋಜಾಬಾದು. ಬಳೆಗಳೂ ಗೊಂಚಲುಗಳೂ ಅಲ್ಲಿಂದ ದೇಶದ ಮೂಲೆಮೂಲೆಗೆ ಹೋಗುವುವು. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು ೨೦೧೬ರಲ್ಲಿ ತಿದ್ದಿದ ಕಾನೂನು ನಿಷೇಧಿಸಿದ್ದರೂ, ಬಳೆಯ ತುದಿಗಳನ್ನು ಬೆಂಕಿಯಲ್ಲಿ ಬೆಸೆಯುವಂತಹ ಕೆಲಸಗಳು ಮನೆಮನೆಗಳಲ್ಲಿ ನಡೆಯುವುದರಿಂದ ಕಾನೂನಿನ ಕಣ್ಣು ಅಲ್ಲಿಗೆ ಸುಲಭವಾಗಿ ಹೋಗದು. ಅಗ್ಗವೆಂದು ಕೊಳ್ಳುವಾಗ ಅಗ್ಗವಾದುದು ಯಾರ ಉಸಿರೆಂಬುದನ್ನು ಒಂದು ಕ್ಷಣ ಯೋಚಿಸುವುದು ಧರ್ಮ.

ಕೊಳ್ಳುವವರಿಗೂ ಇಟ್ಟುಕೊಳ್ಳುವವರಿಗೂ ಕೆಲವು ಸೂಚನೆಗಳು

ಸ್ಫಟಿಕದ ಮಾಲೆಯೆಂದು ಗಾಜಿನ ಮಣಿಗಳನ್ನು ಮಾರುವವರುಂಟು. ನಿಜವಾದ ಸ್ಫಟಿಕವು ಮುಟ್ಟಿದರೆ ಗಾಜಿಗಿಂತ ತಣ್ಣಗಿರುವುದು; ಗಾಜಿನ ಮೇಲೆ ಗೀರು ಎಳೆಯಬಲ್ಲದು. ಭೂತಗನ್ನಡಿಯಲ್ಲಿ ನೋಡಿದಾಗ ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಅದು ಗಾಜು. ಸ್ಫಟಿಕದ ದೊಡ್ಡ ಗುಂಡಿನ ಹಿಂದೆ ಒಂದು ಕೂದಲನ್ನಿಟ್ಟು, ಗುಂಡನ್ನು ತಿರುಗಿಸುತ್ತ ನೋಡಿದರೆ ಕೂದಲು ಎರಡಾಗಿ ತೋರುವುದು, ಗಾಜಿನಲ್ಲಿ ಒಂದೇ.

ಕೈಯಿಂದ ಕಡೆದ ಪಾತ್ರೆಯ ಗೆರೆಗಳ ಅಂಚು ಹರಿತವಾಗಿರುವುದು. ಅಚ್ಚಿನಲ್ಲಿ ಒತ್ತಿದ ಅಗ್ಗದ ಪಾತ್ರೆಯಲ್ಲಿ ಅಂಚು ಮೊಂಡು, ಮೈಯಲ್ಲಿ ಅಚ್ಚಿನ ಸಂದು ಗೆರೆಯಾಗಿ ಕಾಣಬಹುದು. ಎರಡೂ ಇರಲಿ, ಆದರೆ ಒಂದರ ಬೆಲೆಯನ್ನು ಇನ್ನೊಂದಕ್ಕೆ ಕೊಡಬಾರದು.

ತೊಳೆಯುವಾಗ ಬೋಗುಣಿಯ ತಳದಲ್ಲಿ ಮೆತ್ತನೆಯ ಬಟ್ಟೆಯನ್ನು ಹಾಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಒಂದೊಂದನ್ನೇ ಕೈಯಿಂದ ತೊಳೆಯಬೇಕು. ತಣ್ಣಗಿರುವ ಪಾತ್ರೆಗೆ ಕುದಿನೀರನ್ನು ಸುರಿದರೆ ಸೀಳುವುದು. ಪಾತ್ರೆ ತೊಳೆಯುವ ಯಂತ್ರವು ಇದಕ್ಕೆ ಶತ್ರು. ಲೋಟಗಳನ್ನು ಒಂದರೊಳಗೊಂದು ಇಡಬಾರದು. ಹಿಂಬದಿಗೆ ತಗಡಿನ ಬೇಗಡೆ ಹಚ್ಚಿದ ಹರಳಿನ ಒಡವೆಗಳಿಗೆ ನೀರೂ ಅತ್ತರೂ ಸೋಕಿದರೆ ಬೇಗಡೆ ಕಪ್ಪಾಗಿ ಹೊಳಪು ಅಳಿಯುವುದು; ಆದುದರಿಂದ ಅಲಂಕಾರವೆಲ್ಲ ಮುಗಿದ ಮೇಲೆ ಕೊನೆಗೆ ತೊಟ್ಟು, ಮೊದಲು ಕಳಚಿಡಬೇಕು. ಗಾಜಿನ ಗುಂಡನ್ನು ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಲೇಬಾರದು. ಅದು ಭೂತಗನ್ನಡಿಯಂತೆ ಕಿರಣಗಳನ್ನು ಒಂದೆಡೆಗೆ ಕೂಡಿಸಿ ಪರದೆಗೆ ಬೆಂಕಿ ಹೊತ್ತಿಸಬಲ್ಲದು.

ಇನ್ನು, ಎಷ್ಟು ಇರಬೇಕು ಎಂಬ ಪ್ರಶ್ನೆ. ಅರಮನೆಯ ಗೊಂಚಲು ಹತ್ತು ಅಡಿ ಎತ್ತರದ ನಡುಮನೆಯಲ್ಲಿ ತೂಗಿದರೆ ಅದು ಆನೆಯನ್ನು ಹಟ್ಟಿಯಲ್ಲಿ ಕಟ್ಟಿದಂತೆ. ಕಿಟಕಿಯ ಒಂದು ಮೂಲೆಯಲ್ಲಿ ದಾರದಿಂದ ತೂಗಿಸಿದ ಒಂದೇ ಒಂದು ಚಿಕ್ಕ ಪಟ್ಟೆಗಾಜು ಬೆಳಗಿನ ಬಿಸಿಲಿನಲ್ಲಿ ಗೋಡೆಯ ಮೇಲೆಲ್ಲ ಏಳು ಬಣ್ಣಗಳನ್ನು ಚೆಲ್ಲುವುದು. ತೊಟ್ಟಿಲ ಮಗುವು ಅದನ್ನು ಹಿಡಿಯಲೆಂದು ಕೈ ಚಾಚುವುದು. ಆ ಸಂತೋಷಕ್ಕೆ ಹೆಚ್ಚು ಹಣ ಬೇಕಾಗಿಲ್ಲ.

ಗಾಜನ್ನು ರತ್ನವೆಂದು ಭ್ರಮಿಸುವುದು ಬೇಡ; ಗಾಜೆಂದು ತಿರಸ್ಕರಿಸುವುದೂ ಬೇಡ. ಮರಳು, ಬೂದಿ, ಬೆಂಕಿ, ಮನುಷ್ಯನ ಉಸಿರು ಇವುಗಳಿಂದ ಹುಟ್ಟಿದ ಈ ವಸ್ತುವನ್ನು ಬಾಯಿಗಲ್ಲ, ಕಣ್ಣಿಗೆ ಇಟ್ಟುಕೊಳ್ಳೋಣ. ಕತ್ತಲೆಯ ಕಪಾಟಿನಲ್ಲಲ್ಲ, ಬೆಳಕಿನಲ್ಲಿ ಇಡೋಣ. ಕಡೆದ ಕೈಯನ್ನು ನೆನೆದು ನೋಡುವ ಕಣ್ಣಿಗೆ ಅದು ನಿಜವಾಗಿಯೂ ಸ್ಫಟಿಕವೇ ಸರಿ.